ಅಪ್ಪಯ್ಯನನ್ನು ಮುಂಬಯಿಯ ತಾಜ್ ಹೋಟೆಲಿಗೆ ಕರೆದುಕೊಂಡು ಹೋಗಬೇಕು, ಅವರು ಒಪ್ಪುತ್ತಿಲ್ಲ

ಬ್ರಹ್ಮಾವರದ ಮಗಳು | ಭಾನುವಾರ ರಾತ್ರಿ 9.20

ಎಲ್ಲರಿಗೂ ನಮಸ್ಕಾರ. ನನ್ನ ಅಪ್ಪಯ್ಯನಿಗೆ ಈ ವರ್ಷ 75 ತುಂಬುತ್ತದೆ. ಹದಿಮೂರನೆಯ ವಯಸ್ಸಿನಲ್ಲಿ ಊರಿನ ಭಟ್ಟರೊಬ್ಬರ ಜೊತೆ ಬೊಂಬಾಯಿಯ ಬಸ್ಸು ಹತ್ತಿದವರು. ಫೋರ್ಟ್ ಪ್ರದೇಶದ ಒಂದು ಉಡುಪಿ ಹೋಟೆಲಿನಲ್ಲಿ ಮೊದಲು ಲೋಟ ತೊಳೆದರು, ಆಮೇಲೆ ಸಪ್ಲೈಯರ್ ಆದರು, ಕೊನೆಯ ಹತ್ತು ವರ್ಷ ಗಲ್ಲಾದಲ್ಲಿ ಕುಳಿತರು. ರಾತ್ರಿ ಶಾಲೆಗೆ ಹೋಗಿ ಮೆಟ್ರಿಕ್ ಮುಗಿಸಿದ್ದೂ ಅಲ್ಲಿಯೇ. ಒಟ್ಟು 34 ವರ್ಷ.

ವಾರದ ರಜೆಯ ದಿನ ಹುಡುಗರೆಲ್ಲ ಅಪೊಲೊ ಬಂದರಿಗೆ ನಡೆದುಕೊಂಡು ಹೋಗಿ, ಸಮುದ್ರದ ಕಟ್ಟೆಯ ಮೇಲೆ ಕುಳಿತು, ಕಡಲೆ ತಿನ್ನುತ್ತಾ ತಾಜ್ ಹೋಟೆಲನ್ನು ನೋಡುತ್ತಿದ್ದರಂತೆ. ಯಾವ ಕಿಟಕಿಯಲ್ಲಿ ದೀಪ ಹತ್ತಿತು, ಬಾಗಿಲಿನ ಪೇಟದವನು ಯಾರಿಗೆ ಸಲಾಮು ಹೊಡೆದ ಎಂದು ಎಣಿಸುವುದೇ ಆಟ. ಈ ಕಥೆಯನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಆದರೆ ಅಪ್ಪಯ್ಯ ಒಂದು ದಿನವೂ ಒಳಗೆ ಹೋಗಿಲ್ಲ.

ಮಾವನ ಮಗನ ಮದುವೆಗೆ ಮುಂದಿನ ತಿಂಗಳು ಮುಂಬಯಿಗೆ ಹೋಗುತ್ತಿದ್ದೇವೆ. ಒಂದು ಸಂಜೆ ಅವರನ್ನು ತಾಜ್‌ನ ಸೀ ಲೌಂಜ್‌ನಲ್ಲಿ ಕೂರಿಸಿ ಚಹಾ ಕುಡಿಸಬೇಕೆಂದು ನನ್ನ ಆಸೆ. ಹೇಳಿದ ಕೂಡಲೇ, "ನಾನು ಅಲ್ಲಿಯ ಗಿರಾಕಿ ಅಲ್ಲ, ದುಡ್ಡು ಹಾಳು ಮಾಡಬೇಡ" ಎಂದರು. ಆಮೇಲೆ ಆ ಮಾತೇ ಎತ್ತಲು ಬಿಡುತ್ತಿಲ್ಲ.

ಹೋದವರು ಇದ್ದರೆ ಹೇಳಿ. ವಯಸ್ಸಾದವರಿಗೆ ಅಲ್ಲಿ ಮುಜುಗರ ಆಗುತ್ತದೆಯೇ? ಅಪ್ಪಯ್ಯ ಪಂಚೆ ಉಡುವವರು. ಈರುಳ್ಳಿ, ಬೆಳ್ಳುಳ್ಳಿ ಮುಟ್ಟುವುದಿಲ್ಲ. ಮುಖ್ಯವಾಗಿ, ಅವರನ್ನು ಒಪ್ಪಿಸುವುದು ಹೇಗೆ?

ಮಲ್ಪೆ ಗಾಳಿ | ಭಾನುವಾರ ರಾತ್ರಿ 9.41

ಕೇಳಬೇಡಿ, ಕರೆದುಕೊಂಡು ಹೋಗಿ. ನಮ್ಮ ಹಿರಿಯರು ತಮಗಾಗಿ ಖರ್ಚು ಮಾಡುವ ಯಾವುದಕ್ಕೂ ಮೊದಲ ಸಲ ಹೂಂ ಎನ್ನುವುದಿಲ್ಲ.

ಕಾರ್ಕಳದ ಕಲ್ಲು | ಭಾನುವಾರ ರಾತ್ರಿ 9.58

ನಾನು ಬೇರೆ ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅದು ಬಿಳಿಯರ ಕಾಲದ ವೈಭವ. ನಿಮ್ಮ ತಂದೆಯಂಥ ಸಾವಿರಾರು ಹುಡುಗರು ಹೊರಗಿನ ಕಟ್ಟೆಯಲ್ಲಿ ಕುಳಿತರು, ಒಳಗೆ ಆಂಗ್ಲರ ಬಟ್ಲರುಗಳು ರಾಜಮಹಾರಾಜರಿಗೆ ಬಡಿಸಿದರು. ಈಗ ಒಬ್ಬರ ಚಹಾಕ್ಕೆ ಅಷ್ಟು ಹಣ ಸುರಿದು ಆ ವೈಭವಕ್ಕೆ ನಾವೇ ತಲೆಬಾಗಬೇಕೇ? ಅಷ್ಟೇ ಹಣದಲ್ಲಿ ಉಡುಪಿಯ ಮಿತ್ರ ಸಮಾಜಕ್ಕೆ ನೆಂಟರಿಷ್ಟರನ್ನೆಲ್ಲ ಕರೆದು ಗೋಳಿಬಜೆ ಬಡಿಸಬಹುದು. ನಿಮ್ಮ ತಂದೆಗೆ ಅದೇ ಹೆಚ್ಚು ಖುಷಿ ಕೊಟ್ಟೀತು.

ಕದ್ರಿ ಗುಡ್ಡೆ | ಭಾನುವಾರ ರಾತ್ರಿ 10.15

ಕಾರ್ಕಳದವರೇ, ಬಿಳಿಯರ ಹೋಟೆಲು ಎಂದಿರಲ್ಲ, ಅದನ್ನು ಕಟ್ಟಿಸಿದವರು ಜಮ್ಷೆಡ್‌ಜಿ ಟಾಟಾ. ಮೊದಲು ನಕ್ಷೆ ಬರೆದವರು ಸೀತಾರಾಮ ಖಂಡೇರಾವ್ ವೈದ್ಯ ಮತ್ತು ಡಿ. ಎನ್. ಮಿರ್ಜಾ, ಇಬ್ಬರೂ ಭಾರತೀಯರು. ಕೆಲಸವನ್ನು ಮುಗಿಸಿದವರು ಡಬ್ಲ್ಯು. ಎ. ಚೇಂಬರ್ಸ್ ಎಂಬ ಆಂಗ್ಲ ಎಂಜಿನಿಯರ್, ಅದು ನಿಜ. ಆದರೆ ಆಧಾರವೇ ಇಲ್ಲದೆ ಗಾಳಿಯಲ್ಲಿ ತೇಲಿದಂತೆ ಕಾಣುವ ಆ ಪ್ರಸಿದ್ಧ ಮೆಟ್ಟಿಲಿನ ಸಾಲು ಗುತ್ತಿಗೆದಾರ ಸೊರಾಬ್‌ಜಿ ರತನ್‌ಜಿ ಅವರದು. 1903ರ ಡಿಸೆಂಬರ್ 16ರಂದು ಬಾಗಿಲು ತೆರೆಯಿತು. ಆಗ ಎದುರಿಗೆ ಗೇಟ್‌ವೇ ಆಫ್ ಇಂಡಿಯಾ ಇರಲಿಲ್ಲ. ಅದು ಪೂರ್ಣಗೊಂಡು ಉದ್ಘಾಟನೆಯಾದದ್ದು 1924ರಲ್ಲಿ. ಬ್ರಿಟಿಷ್ ದೊರೆಯ ನೆನಪಿನ ಕಮಾನಿಗಿಂತ 21 ವರ್ಷ ಮೊದಲೇ ಒಬ್ಬ ಭಾರತೀಯನ ಗುಮ್ಮಟ ಆ ಬಂದರಿನಲ್ಲಿ ಎದ್ದು ನಿಂತಿತ್ತು. ಹಡಗಿನಲ್ಲಿ ಬಂದವರ ಕಣ್ಣಿಗೆ ಮೊದಲು ಬೀಳುತ್ತಿದ್ದುದು ಅದೇ.

ಪಣಂಬೂರಿನ ಅಲೆ | ಭಾನುವಾರ ರಾತ್ರಿ 10.22

ವಾಟ್ಸನ್ ಹೋಟೆಲಿನವರು ಟಾಟಾ ಅವರನ್ನು "ಭಾರತೀಯರಿಗೆ ಪ್ರವೇಶವಿಲ್ಲ" ಎಂದು ಹೊರಗೆ ಹಾಕಿದ್ದರಿಂದಲೇ ಅವರು ಹಟದಿಂದ ತಾಜ್ ಕಟ್ಟಿಸಿದರು. ಇದನ್ನು ಯಾರೂ ಹೇಳಲಿಲ್ಲವಲ್ಲ! ನಿಮ್ಮ ಅಪ್ಪಯ್ಯನಿಗೆ ಈ ಕಥೆ ಹೇಳಿ, ಕೂಡಲೇ ಒಪ್ಪುತ್ತಾರೆ.

ಹಳೆಯ ಬೊಂಬಾಯಿಗ | ಸೋಮವಾರ ಬೆಳಿಗ್ಗೆ 6.50

ಪಣಂಬೂರಿನವರೇ, ಆ ಕಥೆ ಎಲ್ಲರ ಬಾಯಲ್ಲೂ ಇದೆ, ಆದರೆ ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ. 1896ರಲ್ಲಿ ಬೊಂಬಾಯಿಗೆ ಪ್ಲೇಗ್ ಬಡಿದು ಜನ ಊರು ಬಿಟ್ಟು ಓಡಿದರು. ಅಂಥ ನಗರದ ಮೇಲೆ ಮತ್ತೆ ನಂಬಿಕೆ ಹುಟ್ಟಿಸಲು, ಅದಕ್ಕೆ ತಕ್ಕ ಒಂದು ದೊಡ್ಡ ಹೋಟೆಲು ಬೇಕೆಂಬ ಯೋಚನೆ ಟಾಟಾ ಅವರಿಗಿತ್ತು ಎಂಬುದು ನನಗೆ ಹೆಚ್ಚು ಸರಿಯೆನಿಸುತ್ತದೆ. ಒಬ್ಬ ಮನುಷ್ಯ ತನಗಾದ ಅವಮಾನಕ್ಕೆ ಹೋಟೆಲು ಕಟ್ಟಿಸುವುದಕ್ಕಿಂತ ತನ್ನ ಊರಿಗಾಗಿ ಕಟ್ಟಿಸುವುದು ದೊಡ್ಡದಲ್ಲವೇ?

ವಾಟ್ಸನ್ ಹೋಟೆಲಿನ ಕಟ್ಟಡ ಕಾಲಾ ಘೋಡಾದಲ್ಲಿ ಇದೆ. ಎರಕದ ಕಬ್ಬಿಣದ ಚೌಕಟ್ಟನ್ನು ಇಂಗ್ಲೆಂಡಿನಲ್ಲಿ ಮಾಡಿಸಿ, ತಂದು ಜೋಡಿಸಿದ್ದು. 1896ರ ಜುಲೈ 7ರಂದು ಲೂಮಿಯೇರ್ ಸಹೋದರರ ಚಲಿಸುವ ಚಿತ್ರಗಳನ್ನು ಭಾರತದಲ್ಲಿ ಮೊದಲು ತೋರಿಸಿದ್ದು ಅಲ್ಲಿಯೇ. ನಾನು ಫೋರ್ಟ್‌ನ ಒಂದು ಬ್ಯಾಂಕಿನಲ್ಲಿ 28 ವರ್ಷ ಕೆಲಸ ಮಾಡಿದವನು. ದಿನವೂ ಅದರ ಮುಂದೆ ಹಾದುಹೋಗುತ್ತಿದ್ದೆ. ಅದರ ಸ್ಥಿತಿ ನೋಡಿದರೆ ಹೊಟ್ಟೆ ಉರಿಯುತ್ತದೆ.

ಬ್ರಹ್ಮಾವರದ ತಂಗಿ, ನಿನ್ನ ಅಪ್ಪಯ್ಯ ಕೆಲಸ ಮಾಡಿದ ಹೋಟೆಲಿನಲ್ಲಿ ನಾನೂ ಎಷ್ಟೋ ಸಲ ಊಟ ಮಾಡಿರಬಹುದು. ಅವರನ್ನು ಒಂದು ಪ್ರಶ್ನೆ ಕೇಳು: ತಾಜ್‌ನ ಪಕ್ಕದ ಗೋಪುರ ಏಳುವ ಮೊದಲು ಅಲ್ಲಿ ಏನಿತ್ತು? ಅವರಿಗೆ ನೆನಪಿರುತ್ತದೆ.

ಮಲ್ಪೆ ಗಾಳಿ | ಸೋಮವಾರ ಬೆಳಿಗ್ಗೆ 8.05

ಹೋಟೆಲನ್ನು ತಿರುಗುಮುರುಗಾಗಿ ಕಟ್ಟಿಬಿಟ್ಟರು, ಅದನ್ನು ನೋಡಿ ಶಿಲ್ಪಿ ಪ್ರಾಣ ಕಳೆದುಕೊಂಡ ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಅದೂ ಸುಳ್ಳೇ?

ಹಳೆಯ ಬೊಂಬಾಯಿಗ | ಸೋಮವಾರ ಬೆಳಿಗ್ಗೆ 8.30

ಅದೂ ಕಟ್ಟುಕಥೆಯೇ. ಮೊದಲಿನ ಮುಖ್ಯದ್ವಾರ ಊರಿನ ಕಡೆಗಿತ್ತು, ಈಗ ಈಜುಕೊಳ ಇರುವ ಬದಿಯಲ್ಲಿ. ಕುದುರೆಗಾಡಿಗಳು ಊರಿನ ಕಡೆಯಿಂದಲೇ ತಾನೇ ಬರಬೇಕು? ಸಮುದ್ರದ ಕಡೆಯನ್ನು ಕೋಣೆಗಳಿಗೆ ಬಿಟ್ಟುಕೊಟ್ಟರು, ಗಾಳಿ ಬೆಳಕು ಅತಿಥಿಗಳಿಗೆ ಸಿಗಲಿ ಎಂದು. ನಮ್ಮ ಕರಾವಳಿಯ ಮನೆಗಳಲ್ಲಿ ಗಾಳಿ ಬರುವ ಕಡೆಗೆ ಜಗಲಿ ಬಿಡುವುದಿಲ್ಲವೇ? ಅದೇ ಬುದ್ಧಿ.

ಬ್ರಹ್ಮಾವರದ ಮಗಳು | ಸೋಮವಾರ ಮಧ್ಯಾಹ್ನ 1.40

ಅಣ್ಣ, ಊಟಕ್ಕೆ ಕುಳಿತಾಗ ಕೇಳಿದೆ. ತಟ್ಟನೆ "ಗ್ರೀನ್ಸ್ ಹೋಟೆಲ್" ಎಂದರು! ಅದನ್ನು ಕೆಡವುವುದನ್ನು ಹುಡುಗರೆಲ್ಲ ನಿಂತು ನೋಡಿದ್ದರಂತೆ. ಗೋಪುರದ ಒಂದೊಂದೇ ಮಹಡಿ ಏಳುವುದನ್ನು ಪ್ರತಿ ರಜೆಯ ದಿನ ಲೆಕ್ಕ ಹಾಕುತ್ತಿದ್ದರಂತೆ. ಅನ್ನ ಆರಿಹೋಗುವವರೆಗೆ ಮಾತಾಡಿದರು. ನಾಲ್ಕು ದಿನದಿಂದ ಆ ಹೋಟೆಲಿನ ಹೆಸರೆತ್ತಿದರೆ ಸಿಡುಕುತ್ತಿದ್ದವರು! ನಿಮಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು.

ಇನ್ನೊಂದು ವಿಷಯವನ್ನೂ ಹೇಳಿದರು, ನನಗೆ ಗೊತ್ತೇ ಇರಲಿಲ್ಲ. ಕುಂದಾಪುರದ ಕಡೆಯ ಒಬ್ಬರು ತಾಜ್‌ನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದರಂತೆ. ಪಾಳಿ ಮುಗಿಸಿ ರಾತ್ರಿ ಇವರ ಹೋಟೆಲಿಗೆ ಬಂದು, "ದಿನವಿಡೀ ಬೆಣ್ಣೆಯ ವಾಸನೆ ಕುಡಿದು ಸಾಕಾಗಿದೆ, ಎರಡು ಸೌಟು ಸಾರು ಹಾಕು ಮಾರಾಯ" ಎನ್ನುತ್ತಿದ್ದರಂತೆ.

ಜೆಪ್ಪುವಿನ ಹೆಂಚು | ಸೋಮವಾರ ಮಧ್ಯಾಹ್ನ 2.10

ಈ ಕಥೆ ಓದಿ ಕಣ್ಣು ತುಂಬಿತು. ನನ್ನ ದೊಡ್ಡಪ್ಪನೂ ಬೊಂಬಾಯಿಯಲ್ಲಿ ಹೋಟೆಲ್ ಮಾಣಿ ಆಗಿದ್ದವರು. ಕೊಂಕಣ ರೈಲು ಬರುವ ಮೊದಲು ಊರಿಗೆ ಬರಬೇಕೆಂದರೆ ಎರಡು ದಿನ ಮೈಕೈ ನೋವು. 1998ರಲ್ಲಿ ರೈಲು ಬಂದಾಗ ಅವರಿಗೆ ಪ್ರಯಾಣ ಮಾಡುವ ಶಕ್ತಿಯೇ ಉಳಿದಿರಲಿಲ್ಲ.

ಅಡುಗೆಮನೆಯ ಮಾತು | ಸೋಮವಾರ ಸಂಜೆ 5.25

ನಾನು ಮಣಿಪಾಲದಲ್ಲಿ ಹೋಟೆಲ್ ನಿರ್ವಹಣೆ ಓದಿದವನು, ಈಗ ಮಂಗಳೂರಿನಲ್ಲಿ ಅಡುಗೆಯ ಕೆಲಸದಲ್ಲಿದ್ದೇನೆ. ತಾಜ್‌ನ ಊಟದ ಬಗ್ಗೆ ಯಾರೂ ಬರೆಯಲಿಲ್ಲ, ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

1903ರಲ್ಲಿ ಅಲ್ಲಿ ಫ್ಯಾನು ಮತ್ತು ಸ್ನಾನದ ಮನೆ ಇರುವ ಕೋಣೆಗೆ ದಿನಕ್ಕೆ 10 ರೂಪಾಯಿ, ಊಟವೂ ಸೇರಿದರೆ 13 ರೂಪಾಯಿ. ಅಂದರೆ ದಿನದ ಊಟಕ್ಕೆ ಮೂರೇ ರೂಪಾಯಿ ಹೆಚ್ಚು. ಅಮೆರಿಕದ ಫ್ಯಾನು, ಜರ್ಮನಿಯ ಲಿಫ್ಟು, ವಿದ್ಯುತ್ ದೀಪ, ಎಲ್ಲವೂ ಆ ಕಾಲಕ್ಕೆ ಹೊಸತು. ಬಡಿಸುತ್ತಿದ್ದುದು ಮುಖ್ಯವಾಗಿ ಯುರೋಪಿನ ಅಡುಗೆ. ಆದರೆ ಒಲೆಯ ಮುಂದೆ ನಿಂತವರು ಯಾರು? ಆ ಅಡುಗೆಮನೆಯ ದೊಡ್ಡ ಹೆಸರು ಗೋವಾದ ಮಿಗೆಲ್ ಅರ್ಕಾಂಜೊ ಮಸ್ಕರೇನ್ಹಸ್, ಎಲ್ಲರೂ "ಮಸ್ಕಿ" ಎಂದೇ ಕರೆಯುತ್ತಿದ್ದರು. ಎಳೆಯ ವಯಸ್ಸಿನಲ್ಲಿ ಕೆಳಗಿನ ಕೆಲಸಕ್ಕೆ ಸೇರಿ ಮುಖ್ಯ ಅಡುಗೆಯವರ ಪಟ್ಟಕ್ಕೆ ಏರಿದವರು. ನಿಮ್ಮ ಅಪ್ಪಯ್ಯ ಲೋಟ ತೊಳೆದು ಗಲ್ಲಾಕ್ಕೆ ಬಂದರಲ್ಲ, ದಾರಿ ಅದೇ. ಕಟ್ಟಡ ಮಾತ್ರ ಬೇರೆ.

1933ರಲ್ಲಿ ಹಾರ್ಬರ್ ಬಾರ್ ಶುರುವಾಯಿತು. ನಗರದ ಮೊದಲನೆಯ ಮದ್ಯದ ಪರವಾನಗಿ ಅದರದು. 1930ರ ದಶಕದಲ್ಲಿ ಅಲ್ಲಿನ ನೃತ್ಯದ ಹಾಲಿನಲ್ಲಿ ಅಮೆರಿಕದ ಕಪ್ಪು ಸಂಗೀತಗಾರರು, ಲಿಯಾನ್ ಅಬಿ, ಟೆಡ್ಡಿ ವೆದರ್‌ಫೋರ್ಡ್ ಮುಂತಾದವರು, ಜಾಜ್ ನುಡಿಸಿದರು. ಗೋವಾದ ಹುಡುಗರು ಅವರಿಂದ ಕಲಿತು ಮುಂದೆ ತಮ್ಮದೇ ವಾದ್ಯವೃಂದ ಕಟ್ಟಿದರು. 1970ರ ದಶಕದಲ್ಲಿ ಗೋಲ್ಡನ್ ಡ್ರ್ಯಾಗನ್ ಬಂದು ಚೀನಾದ ಸಿಚುವಾನ್ ಪ್ರಾಂತದ ಖಾರದ ಅಡುಗೆಯನ್ನು ಈ ದೇಶಕ್ಕೆ ಪರಿಚಯಿಸಿತು. ಈಗ ಮಂಗಳೂರಿನ ಬೀದಿ ಬದಿಯ ಗಾಡಿಯಲ್ಲೂ "ಶೆಜ್ವಾನ್" ಎನ್ನುತ್ತಾರೆ. ಆ ಪದ ಯಾವ ಬಾಗಿಲಿನಿಂದ ಒಳಗೆ ಬಂತೆಂದು ತಿನ್ನುವವರಿಗೆ ಗೊತ್ತಿಲ್ಲ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಸೀ ಲೌಂಜ್ ಮೊದಲ ಮಹಡಿಯಲ್ಲಿದೆ, ಕಿಟಕಿಯ ಎದುರಿಗೇ ಬಂದರು. ಸಂಜೆಯ ಚಹಾದ ಜೊತೆ ಸ್ಯಾಂಡ್‌ವಿಚ್, ಕೇಕ್, ಸ್ಕೋನ್ ಮಾತ್ರವಲ್ಲ, ಭೇಲ್‌ಪುರಿ, ಸೇವ್‌ಪುರಿಯೂ ಇರುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಬೇಡವೆಂದು ಮೇಜು ಕಾದಿರಿಸುವಾಗಲೇ ಹೇಳಿಬಿಡಿ. ಇಂಥ ಅಡುಗೆಮನೆಗಳಿಗೆ ಅದು ಹೊಸದಲ್ಲ, ಜೈನ ಗಿರಾಕಿಗಳು ಧಾರಾಳವಾಗಿ ಬರುವ ಊರು ಅದು. ಕಿಟಕಿಯ ಪಕ್ಕದ ಮೇಜೇ ಬೇಕೆಂದು ಒತ್ತಿ ಕೇಳಿ. ಒಳಗಿನ ಮೇಜಾದರೆ ಅರ್ಧ ಸುಖ ಹೋಯಿತು.

ಕಾರ್ಕಳದ ಕಲ್ಲು | ಸೋಮವಾರ ಸಂಜೆ 6.02

ಮಾಹಿತಿ ಚೆನ್ನಾಗಿದೆ, ಒಪ್ಪುತ್ತೇನೆ. ಆದರೂ ನನ್ನ ಮಾತು ನಿಂತಿಲ್ಲ. ಯಜಮಾನ ಭಾರತೀಯ, ಅಡುಗೆಯವರು ಭಾರತೀಯರು, ಸರಿ. ತಿಂದವರು ಯಾರು? ಯುರೋಪಿನವರು, ಮಹಾರಾಜರು, ಸಿರಿವಂತರು. ಅದೇ ಕಾಲದಲ್ಲಿ ನಮ್ಮ ಹೋಟೆಲಿನವರು ಏನು ಮಾಡಿದರು ನೋಡಿ. ಕಡಂದಲೆಯ ಕೃಷ್ಣರಾಯರು ಮದರಾಸಿನಲ್ಲಿ 1938ರಲ್ಲಿ ವುಡ್‌ಲ್ಯಾಂಡ್ಸ್ ತೆರೆದರು, ಮುಂಬಯಿಯ ಮಾಟುಂಗಾದಲ್ಲಿ ರಾಮ ನಾಯಕರು 1942ರಲ್ಲಿ ಊಟದ ಮನೆ ತೆರೆದರು. ಗುಮಾಸ್ತ, ವಿದ್ಯಾರ್ಥಿ, ಊರು ಬಿಟ್ಟು ಬಂದ ಒಂಟಿ ಮನುಷ್ಯ, ಯಾರು ಬಂದರೂ ಬಿಸಿ ಅನ್ನ. ನನ್ನ ಪಾಲಿಗೆ ಪರಂಪರೆ ಎಂದರೆ ಅದು. ಈ ತಂದೆಯೇ ಅದರ ಒಂದು ಭಾಗ. ಗುಮ್ಮಟ ಇರುವುದಕ್ಕೆ ಮಾತ್ರ ಪರಂಪರೆ ಎನ್ನುತ್ತೇವಲ್ಲ, ನನಗೆ ಸಿಟ್ಟು ಬರುವುದು ಅದಕ್ಕೆ.

ಕದ್ರಿ ಗುಡ್ಡೆ | ಸೋಮವಾರ ಸಂಜೆ 6.20

ಇದಕ್ಕೆ ನನ್ನಲ್ಲಿ ಎದುರು ಮಾತಿಲ್ಲ. ಆದರೆ ಒಂದನ್ನು ಮೆಚ್ಚಲು ಇನ್ನೊಂದನ್ನು ತುಳಿಯಬೇಕೇ? ಮೊದಲನೆಯ ಮಹಾಯುದ್ಧದಲ್ಲಿ ಅದೇ ತಾಜ್ 600 ಹಾಸಿಗೆಗಳ ಆಸ್ಪತ್ರೆಯಾಗಿತ್ತು. ಕಟ್ಟಡಕ್ಕೆ ನೂರು ವರ್ಷ ಆಯುಸ್ಸು ಸಿಕ್ಕಿದರೆ ಅದು ಬರೀ ಸಿರಿವಂತರ ಊಟದ ಕೋಣೆಯಾಗಿ ಉಳಿಯುವುದಿಲ್ಲ.

ಸುರತ್ಕಲ್ ದೀಪ | ಸೋಮವಾರ ಸಂಜೆ 6.48

ಟಾಟಾ ಅವರ ಮಾತು ಬಂದದ್ದಕ್ಕೆ ಹೇಳುತ್ತೇನೆ. ಹೋಟೆಲು ತೆರೆದ ಐದೇ ತಿಂಗಳಿಗೆ, 1904ರ ಮೇ ತಿಂಗಳಲ್ಲಿ, ಅವರು ತೀರಿಕೊಂಡರು. ಬೆಂಗಳೂರಿನ ವಿಜ್ಞಾನ ಸಂಸ್ಥೆಯೂ ಅವರ ಕನಸೇ. ಮೈಸೂರು ಅರಸರು ಜಾಗ ಕೊಟ್ಟು 1909ರಲ್ಲಿ ಅದು ಸ್ಥಾಪನೆಯಾದಾಗ ಅವರಿರಲಿಲ್ಲ. ಬೆಂಗಳೂರಿನ ಹಳಬರು ಈಗಲೂ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತಾರೆ. ತಾಜ್ ಒಂದನ್ನು ಮಾತ್ರ ಅವರು ಕಣ್ಣಾರೆ ಕಂಡರು.

ಪಣಂಬೂರಿನ ಅಲೆ | ಸೋಮವಾರ ಸಂಜೆ 7.15

ಅಷ್ಟು ದೂರ ಯಾಕೆ? ಮೈಸೂರಿನ ಲಲಿತ ಮಹಲ್ ಇಲ್ಲವೇ! 1921ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ವೈಸ್‌ರಾಯ್ ತಂಗಲೆಂದು ಕಟ್ಟಿಸಿದ್ದು, 1974ರಿಂದ ಹೋಟೆಲು. ಬೆಳ್ಳಗೆ ಹಾಲಿನಂತಿದೆ. ಬೆಂಗಳೂರಿನ ವೆಸ್ಟ್ ಎಂಡ್ 1887ರದು, ತಾಜ್‌ಗಿಂತ ಹಳೆಯದು.

ಜೆಪ್ಪುವಿನ ಹೆಂಚು | ಸೋಮವಾರ ಸಂಜೆ 7.31

ಅವರ ಅಪ್ಪಯ್ಯ ಮೈಸೂರಿನ ಕಟ್ಟೆಯ ಮೇಲೆ ಕುಳಿತು ಕಡಲೆ ತಿಂದಿಲ್ಲವಲ್ಲ ಪಣಂಬೂರಿನವರೇ. ಅವರು ಹತ್ತಬೇಕಾದದ್ದು ತಾಜ್‌ನ ಮೆಟ್ಟಿಲು.

ಮೈಸೂರು, ಮುಂಬಯಿ ಎಂದು ಬರೆಯುವಾಗ ನನಗೆ ನಮ್ಮ ಊರಿನದೇ ಸಂಕಟ. ನೇತ್ರಾವತಿಯ ದಂಡೆಯಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಆಮೇಲೆ ಊರಿನ ತುಂಬ ಕಾರ್ಖಾನೆಗಳು ಎದ್ದವು, ನಮ್ಮ ಹೆಂಚು ಸಮುದ್ರ ದಾಟಿ ಹೋಯಿತು. ಈಗ ಹೊಗೆಗೊಳವೆಗಳನ್ನು ಒಂದೊಂದಾಗಿ ಉರುಳಿಸಿ ವಸತಿ ಸಮುಚ್ಚಯ ಕಟ್ಟುತ್ತಿದ್ದೇವೆ. ಒಂದನ್ನಾದರೂ ಹಾಗೆಯೇ ಉಳಿಸಿ, ಒಳಗೆ ಒಂದು ಚಹಾದ ಮನೆ ಮಾಡಿದ್ದರೆ!

ಮಲ್ಪೆ ಗಾಳಿ | ಸೋಮವಾರ ಸಂಜೆ 7.40

ಹೆಂಚಿನವರೇ, ಇದಕ್ಕೇ ಬೇರೆ ಚರ್ಚೆ ತೆರೆಯಿರಿ. ನಾನೂ ಬರುತ್ತೇನೆ. ಸಿಟ್ಟು ನನಗೂ ಇದೆ.

ಮಾಟುಂಗಾದ ಮನೆ | ಸೋಮವಾರ ರಾತ್ರಿ 9.10

ನಾನು ಮುಂಬಯಿಯಲ್ಲೇ ಹುಟ್ಟಿ ಬೆಳೆದವಳು, ಮೂಲ ಕಾಪು. ಸೀ ಲೌಂಜ್ ಬಗ್ಗೆ ಒಂದು ವಿಷಯ ಯಾರೂ ಹೇಳಲಿಲ್ಲ. ಇಲ್ಲಿಯ ಎಷ್ಟೋ ಪಾರ್ಸಿ, ಗುಜರಾತಿ ಮನೆತನಗಳಲ್ಲಿ ಹೆಣ್ಣು ಗಂಡು ನೋಡುವ ಮಾತುಕತೆ ನಡೆಯುತ್ತಿದ್ದುದೇ ಅಲ್ಲಿ. ಎರಡು ಕಡೆಯವರು ಒಂದೇ ಮೇಜಿನಲ್ಲಿ ಬಿಗಿಯಾಗಿ ಕುಳಿತಿದ್ದರೆ ಸಪ್ಲೈಯರ್‌ಗಳಿಗೂ ಗೊತ್ತಾಗುತ್ತಿತ್ತಂತೆ. ನನ್ನ ಗೆಳತಿಯ ಸಂಬಂಧ ಕುದುರಿದ್ದೂ ಅಲ್ಲಿಯೇ, ಕೋಲ್ಡ್ ಕಾಫಿ ಕುಡಿಯುತ್ತಾ.

ಮುಜುಗರದ ಬಗ್ಗೆ ಕೇಳಿದಿರಿ. ನನ್ನ ಅತ್ತೆಗೆ 80. ಕಚ್ಚೆ ಸೀರೆ, ಕೈಯಲ್ಲಿ ಬಟ್ಟೆಯ ಚೀಲ. ಅವರನ್ನು ಕರೆದುಕೊಂಡು ಹೋಗಿದ್ದೆ. ಬಾಗಿಲಿನಲ್ಲಿ ತಪಾಸಣೆ ಎಲ್ಲರಿಗೂ ಒಂದೇ, ಚೀಲವನ್ನು ಯಂತ್ರದಲ್ಲಿ ಇಡಬೇಕು. ಒಳಗೆ ಹೋದ ಮೇಲೆ ಅವರಿಗೆ ಸಿಕ್ಕಿದ ಮರ್ಯಾದೆ ನನಗೆ ಸಿಕ್ಕಿದ್ದಕ್ಕಿಂತ ಒಂದು ಕೈ ಹೆಚ್ಚು.

ಕಾರ್ಕಳದ ಕಲ್ಲು | ಸೋಮವಾರ ರಾತ್ರಿ 9.25

ಎಲ್ಲ ಕಡೆ ಹಾಗಿಲ್ಲ ಅಕ್ಕ. ನನ್ನ ಅಜ್ಜನನ್ನು ನಮ್ಮದೇ ಜಿಲ್ಲೆಯ ಒಂದು ದೊಡ್ಡ ಹೋಟೆಲಿನಲ್ಲಿ ಪಂಚೆ ಉಟ್ಟಿದ್ದಾರೆಂದು ಬಾಗಿಲಲ್ಲಿ ತಡೆದರು. ಮೊಮ್ಮಗನ ನಿಶ್ಚಿತಾರ್ಥಕ್ಕೆ ಬಂದವರು! ಅರ್ಧ ಗಂಟೆ ಬಿಸಿಲಿನಲ್ಲಿ ನಿಂತರು. ಅಂದಿನಿಂದ ಅವರು ಯಾವ ಹೋಟೆಲಿಗೂ ಬರಲಿಲ್ಲ. ನಾನು ಇಷ್ಟು ಗಟ್ಟಿಯಾಗಿ ಮಾತಾಡುವುದಕ್ಕೆ ಕಾರಣ ಅದು. ಇನ್ನೊಬ್ಬರ ಹಿರಿಯರಿಗೆ ಹಾಗಾಗಬಾರದು.

ಬ್ರಹ್ಮಾವರದ ಮಗಳು | ಸೋಮವಾರ ರಾತ್ರಿ 9.50

ಅಣ್ಣ, ನಿಮ್ಮ ಮಾತು ನನಗೆ ಅರ್ಥವಾಯಿತು. ನನ್ನ ಭಯವೂ ಅದೇ ಆಗಿತ್ತು. ಇವತ್ತು ದೂರವಾಣಿ ಮಾಡಿ ನೇರವಾಗಿ ಕೇಳಿದೆ: ತಂದೆಯವರು ಬಿಳಿ ಪಂಚೆ, ಅಂಗಿ, ಶಲ್ಯದಲ್ಲಿ ಬರುತ್ತಾರೆ, ಅಡ್ಡಿಯುಂಟೇ ಎಂದು. ಅಡ್ಡಿಯಿಲ್ಲ, ಬರಲಿ ಎಂದರು. ಕಿಟಕಿಯ ಮೇಜು ಕೇಳಿದ್ದೇನೆ, 14ರ ಸಂಜೆಗೆ.

ಹಳೆಯ ಬೊಂಬಾಯಿಗ | ಮಂಗಳವಾರ ಬೆಳಿಗ್ಗೆ 6.35

ತಂಗಿ, ಪಂಚಾಂಗ ನೋಡಿದೆಯಾ? ಅವತ್ತು ಏಕಾದಶಿ ಅಲ್ಲವೇ? ನಿನ್ನ ಅಪ್ಪಯ್ಯ ಏಕಾದಶಿ ಮಾಡುವವರೇ?

ಬ್ರಹ್ಮಾವರದ ಮಗಳು | ಮಂಗಳವಾರ ಬೆಳಿಗ್ಗೆ 7.10

ಅಯ್ಯೋ ದೇವರೇ! ನೀರು ಬಿಟ್ಟು ಬೇರೇನೂ ಮುಟ್ಟುವುದಿಲ್ಲ ಅವರು. 16ಕ್ಕೆ ಬದಲಾಯಿಸುತ್ತೇನೆ. ನೀವಿಲ್ಲದಿದ್ದರೆ ಎಂಥ ಅನಾಹುತ ಆಗುತ್ತಿತ್ತು.

ಸುರತ್ಕಲ್ ದೀಪ | ಮಂಗಳವಾರ ಬೆಳಿಗ್ಗೆ 10.30

ಹೋದಾಗ ಒಂದು ಕೆಲಸ ಮಾಡಿ. 2008ರ ನವೆಂಬರ್ 26ರ ದಾಳಿಯಲ್ಲಿ ಆ ಹೋಟೆಲಿನಲ್ಲಿ 31 ಜನ ಸತ್ತರು. ಅವರ ಹೆಸರುಗಳಿರುವ ಸ್ಮಾರಕ ಒಳಗಿದೆ. ಅತಿಥಿಗಳನ್ನು ಹಿಂದಿನ ಬಾಗಿಲಿನಿಂದ ದಾಟಿಸಲು ಅಡುಗೆಯವರು, ಸಪ್ಲೈಯರ್‌ಗಳು ತಾವೇ ಅಡ್ಡ ನಿಂತರು. ಓಡಿಹೋಗುವ ದಾರಿ ಅವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು, ಆದರೂ ಉಳಿದರು. ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಪ್ರಾಣ ಕೊಟ್ಟದ್ದೂ ಅಲ್ಲಿಯೇ. ಬೆಂಕಿಗೆ ಸಿಕ್ಕಿದ ಹಳೆಯ ಭಾಗವನ್ನು ದುರಸ್ತಿ ಮಾಡಿ 2010ರ ಆಗಸ್ಟ್ 15ರಂದು ಮತ್ತೆ ತೆರೆದರು.

ಅಡುಗೆಮನೆಯ ಮಾತು | ಮಂಗಳವಾರ ಮಧ್ಯಾಹ್ನ 3.15

ಆ ರಾತ್ರಿ ನಾನು ಓದುತ್ತಿದ್ದ ಕಾಲ. ವಸತಿನಿಲಯದ ದೂರದರ್ಶನದ ಮುಂದೆ ನಾವೆಲ್ಲ ನೆಲದ ಮೇಲೆ ಕುಳಿತಿದ್ದೆವು. ಗುಮ್ಮಟದಿಂದ ಹೊಗೆ ಏಳುವುದನ್ನು ನೋಡಿ ನಮ್ಮ ಉಪನ್ಯಾಸಕರೊಬ್ಬರು ಎದ್ದು ಹೊರಗೆ ಹೋದರು. ಅವರ ಜೊತೆ ಕೆಲಸ ಮಾಡಿದವರು ಒಳಗಿದ್ದರು. ಮರುದಿನ ತರಗತಿಯಲ್ಲಿ ಅವರು ಪಾಠ ಮಾಡಲಿಲ್ಲ. "ಬಡಿಸುವವನು ಎಂದರೆ ಯಾರೆಂದು ಈಗ ನಿಮಗೆ ತಿಳಿಯಿತಲ್ಲ" ಎಂದಷ್ಟೇ ಹೇಳಿದರು.

ಕದ್ರಿ ಗುಡ್ಡೆ | ಮಂಗಳವಾರ ಮಧ್ಯಾಹ್ನ 3.40

🙏

ಬ್ರಹ್ಮಾವರದ ಮಗಳು | ಐದು ವಾರಗಳ ನಂತರ, ಗುರುವಾರ ರಾತ್ರಿ 8.45

ಹೋಗಿ ಬಂದೆವು. ಬರೆಯುತ್ತೇನೆ ಎಂದು ಮಾತು ಕೊಟ್ಟಿರಲಿಲ್ಲ, ಆದರೆ ಇಷ್ಟು ಜನ ಜೊತೆಗೆ ನಿಂತ ಮೇಲೆ ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಅಪ್ಪಯ್ಯ ಒಪ್ಪಿದ್ದು ಹೇಗೆಂದರೆ, ಕಾರ್ಕಳದ ಅಣ್ಣ ಬರೆದದ್ದನ್ನು ಓದಿ ಹೇಳಿದೆ. ಮಾಟುಂಗಾ, ವುಡ್‌ಲ್ಯಾಂಡ್ಸ್, ಬಿಸಿ ಅನ್ನ, ಎಲ್ಲವನ್ನೂ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಹೋಟೆಲಿನವನೊಬ್ಬ ಇನ್ನೊಂದು ಹೋಟೆಲು ನೋಡಿ ಬರುವುದರಲ್ಲಿ ತಪ್ಪಿಲ್ಲ" ಎಂದರು. ಹೋಗಬೇಡಿ ಎಂದವರ ಮಾತಿನಿಂದಲೇ ಅವರು ಹೊರಟರು ಅಣ್ಣ.

ಮೊದಲು ಹಳೆಯ ಕಟ್ಟೆಗೆ ಹೋದೆವು. ಎದುರಿನ ರಸ್ತೆಯನ್ನೆಲ್ಲ ತಡೆಬೇಲಿ ಹಾಕಿ ಬದಲಾಯಿಸಿದ್ದಾರೆ, ಅವರಿಗೆ ಕೂರುತ್ತಿದ್ದ ಜಾಗ ಗುರುತು ಹತ್ತಲಿಲ್ಲ. ಅದಕ್ಕೆ ಬೇಸರಪಟ್ಟರು. ಒಳಗೆ ಕಿಟಕಿಯ ಮೇಜು ಸಿಕ್ಕಿತು. ಕುಳಿತ ಕೂಡಲೇ ಸಮುದ್ರ ನೋಡುತ್ತಾರೆ ಎಂದುಕೊಂಡಿದ್ದೆ. ಇಲ್ಲ, ಸಪ್ಲೈಯರ್‌ಗಳನ್ನೇ ನೋಡುತ್ತಿದ್ದರು. ತಟ್ಟೆ ಯಾವ ಕಡೆಯಿಂದ ಇಡುತ್ತಾರೆ, ಒಬ್ಬನಿಗೆ ಎಷ್ಟು ಮೇಜು, ಖಾಲಿ ಕಪ್ಪು ಎಷ್ಟು ಹೊತ್ತು ಹಾಗೆಯೇ ಇರುತ್ತದೆ, ಎಲ್ಲದರ ಲೆಕ್ಕ. ಚಹಾ ಎರಡು ಸಲ ಹಾಕಿಸಿಕೊಂಡರು. ಈರುಳ್ಳಿ ಇಲ್ಲದ ಸೇವ್‌ಪುರಿ ಮಾಡಿಕೊಟ್ಟರು, ಇಷ್ಟಪಟ್ಟು ತಿಂದರು. ಕೇಕ್ ಮುಟ್ಟಲಿಲ್ಲ.

ಆಮೇಲೆ ತಿಂದು ಮುಗಿದ ತಟ್ಟೆಗಳನ್ನು ದೊಡ್ಡದು ಕೆಳಗೆ, ಚಿಕ್ಕದು ಮೇಲೆ ಎಂದು ಜೋಡಿಸಿ, ಚಮಚಗಳನ್ನು ಒಂದೇ ದಿಕ್ಕಿಗೆ ಇಟ್ಟು ಮೇಜಿನ ಅಂಚಿಗೆ ಸರಿಸಿದರು. ಸಪ್ಲೈಯರ್ ಹುಡುಗ ಓಡಿ ಬಂದು, ದಯವಿಟ್ಟು ಬಿಡಿ ಎಂದು ಹಿಂದಿಯಲ್ಲಿ ಹೇಳಿದ. ಅಪ್ಪಯ್ಯ ತಮ್ಮ ಹಳೆಯ ಬೊಂಬಾಯಿ ಹಿಂದಿಯಲ್ಲಿ, "34 ವರ್ಷ ಮಾಡಿದ್ದೇನೆ, ಕೈ ಕೇಳುವುದಿಲ್ಲ" ಎಂದರು. ಆ ಹುಡುಗ ಒಂದು ಕ್ಷಣ ನಿಂತು, ಬಗ್ಗಿ ಅವರ ಪಾದ ಮುಟ್ಟಿದ. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಸ್ಮಾರಕದ ಮುಂದೆ ಕನ್ನಡಕ ಹಾಕಿಕೊಂಡು ಹೆಸರುಗಳನ್ನು ಒಂದೊಂದಾಗಿ ಓದಿದರು. ತೇಲುವ ಮೆಟ್ಟಿಲನ್ನು ತೋರಿಸಿದೆ, ತಲೆಯೆತ್ತಿ ಬಹಳ ಹೊತ್ತು ನೋಡಿದರು. ವಾಪಸು ಬರುವಾಗ ಟ್ಯಾಕ್ಸಿಯಲ್ಲಿ ಹೇಳಿದ್ದು ಒಂದೇ ಮಾತು: "ಚಹಾ ಸ್ವಲ್ಪ ತೆಳುವಾಯಿತು."

ಕಾರ್ಕಳದ ಕಲ್ಲು | ಗುರುವಾರ ರಾತ್ರಿ 9.05

ತಂಗಿ, ಮೂರು ಸಲ ಓದಿದೆ. ನಿಮ್ಮ ಅಪ್ಪಯ್ಯ ಯಾವಾಗ ಬಿಡುವಾಗಿರುತ್ತಾರೆ? ನನಗೆ ಅವರನ್ನು ನೋಡಬೇಕು.

ಬ್ರಹ್ಮಾವರದ ಮಗಳು | ಗುರುವಾರ ರಾತ್ರಿ 9.12

ಯಾವಾಗ ಬೇಕಾದರೂ ಬನ್ನಿ ಅಣ್ಣ. ಬೆಳಿಗ್ಗೆ ಏಳಕ್ಕೆ ಬಂದರೆ ಅವರೇ ಚಹಾ ಮಾಡಿಕೊಡುತ್ತಾರೆ.

ಪಣಂಬೂರಿನ ಅಲೆ | ಗುರುವಾರ ರಾತ್ರಿ 9.30

ಮತ್ಸ್ಯಗಂಧ ರೈಲಿನಲ್ಲಿ ಹೋದಿರೋ, ಬಸ್ಸಿನಲ್ಲೋ? ನಾನೂ ಅಮ್ಮನನ್ನು ಕರೆದುಕೊಂಡು ಹೋಗಬೇಕೆಂದಿದ್ದೇನೆ. ಕೆಳಗಿನ ಬರ್ತ್ ಸಿಗಲು ಎಷ್ಟು ದಿನ ಮೊದಲು ಟಿಕೆಟ್ ಮಾಡಿಸಿದಿರಿ?